ಮುಸುಕಿನ ಜೋಳದ ಅರಳು: ಹುರಿಯುವ ಮತ್ತು ಕೆಡದಂತೆ ಇಡುವ ಕ್ರಮ

ಪೇಟೆಯಲ್ಲಿ ಪಾಪ್‌ಕಾರ್ನ್ ಎಂದು ಮಾರುವ ಮುಸುಕಿನ ಜೋಳದ ಅರಳನ್ನು ಮನೆಯಲ್ಲಿಯೇ ತಯಾರಿಸಬಹುದು. ಆದರೆ ಎಷ್ಟೋ ವೇಳೆ ಅರ್ಧದಷ್ಟು ಕಾಳು ಅರಳದೆ ಬಾಣಲೆಯ ತಳದಲ್ಲೇ ಉಳಿಯುತ್ತದೆ. ಅರಳಿದ್ದೂ ಸಂಜೆಯ ಹೊತ್ತಿಗೆ ಮೆತ್ತಗಾಗುತ್ತದೆ. ಈ ಎರಡಕ್ಕೂ ಮುಖ್ಯ ಕಾರಣ ತೇವಾಂಶ.

ಕಾಳು ಅರಳುವುದು ಹೇಗೆ?

ಅರಳಿನ ತಳಿಯ ಕಾಳು ಚಿಕ್ಕದು, ಗಟ್ಟಿ. ಕಾಯಿಸಿದಾಗ ಒಳಗಿನ ನೀರು ಆವಿಯಾಗುತ್ತದೆ. ಸಿಪ್ಪೆ ಅದನ್ನು ಹಿಡಿದಿಡುತ್ತದೆ. ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸಿಪ್ಪೆ ಒಡೆದು ಪಿಷ್ಟ ಹೂವಿನಂತೆ ಹಿಗ್ಗುತ್ತದೆ. ಇದಕ್ಕೆ ಕಾಳಿನಲ್ಲಿ ಶೇಕಡಾ 13ರಿಂದ 14ರಷ್ಟು ತೇವಾಂಶವಿರಬೇಕು. ತೀರಾ ಒಣಗಿದರೆ ಆವಿ ಸಾಲದು. ಹಸಿಯಾಗಿದ್ದರೆ ಅರಳು ಚಿಕ್ಕದಾಗಿ, ಅಗಿಯಲು ಗಟ್ಟಿಯಾಗುತ್ತದೆ. ಸಿಪ್ಪೆ ಸೀಳಿದ ಕಾಳಿನಿಂದ ಆವಿ ಸೋರಿಹೋಗುವುದರಿಂದ ತೆನೆಗಳನ್ನು ಕೋಲಿನಿಂದ ಬಡಿಯದೆ ಕೈಯಿಂದ ಕಾಳು ಬಿಡಿಸುವುದು ಒಳ್ಳೆಯದು.

ಕಾಳಿನ ಸಂಗ್ರಹಣೆ

ಬಲಿತ ತೆನೆಗಳನ್ನು ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಆಗಾಗ ಒಂದು ಹಿಡಿ ಕಾಳು ಹುರಿದು ನೋಡಿ. ಚೆನ್ನಾಗಿ ಅರಳತೊಡಗಿದ ಕೂಡಲೇ ಕಾಳು ಬಿಡಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ತಂಪು ಜಾಗದಲ್ಲಿಡಿ. ಕಾಳು ಅತಿಯಾಗಿ ಒಣಗಿದ್ದರೆ ಎಸೆಯಬೇಕಾಗಿಲ್ಲ. ಶೇಕಡಾ 12ರಷ್ಟು ತೇವಾಂಶವಿರುವ 1 ಕಿಲೋ ಕಾಳಿಗೆ 20 ಮಿ.ಲೀ. ನೀರು ಸೇರಿಸಿದರೆ ಅದು ಶೇಕಡಾ 13.7ಕ್ಕೆ ಏರುತ್ತದೆ. ನೀರು ಚಿಮುಕಿಸಿ, ಡಬ್ಬಿ ಮುಚ್ಚಿ, ದಿನಕ್ಕೆರಡು ಬಾರಿ ಅಲ್ಲಾಡಿಸುತ್ತಾ ಮೂರು-ನಾಲ್ಕು ದಿನ ಬಿಟ್ಟು ಹುರಿಯಿರಿ. ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಳನ್ನು ತಿನ್ನಬಾರದು.

ನಾಗರ ಪಂಚಮಿಗೆ ಬಿಳಿಜೋಳದ ಅರಳು ಹುರಿಯುವಾಗ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಮೊದಲು ಕಾಳಿಗೆ ನೀರು ಹಾಕಿ ಇಡುವುದರ ಹಿಂದೆಯೂ ಇದೇ ತತ್ವವಿದೆ.

ಹುರಿದ ನಂತರ

ಹುರಿದ ಅರಳಿನಲ್ಲಿ ತೇವ ಬಹಳ ಕಡಿಮೆ. ಗಾಳಿಯ ತೇವವನ್ನು ಅದು ಬೇಗ ಹೀರುತ್ತದೆ. ಆದ್ದರಿಂದ:

1. ಬಾಣಲೆಯ ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು ಆವಿ ಹೊರಹೋಗಲು ಬಿಡಿ.
2. ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ಣ ಆರಿದ ಕೂಡಲೇ ಡಬ್ಬಿಗೆ ತುಂಬಿ. ಬಿಸಿಯಾಗಿ ತುಂಬಿದರೆ ಒಳಗೆ ಹನಿಗಟ್ಟುತ್ತದೆ.
3. ಉಪ್ಪು ತೇವ ಎಳೆಯುತ್ತದೆ, ತಿನ್ನುವಾಗ ಬೆರೆಸಿಕೊಳ್ಳಿ.
4. ಎಣ್ಣೆಯಲ್ಲಿ ಹುರಿದದ್ದು ಕಾಲಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ. ಇಟ್ಟುಕೊಳ್ಳುವುದಕ್ಕೆ ಎಣ್ಣೆಯಿಲ್ಲದೆ ಹುರಿದದ್ದು ಲೇಸು.
5. ಮೆತ್ತಗಾದ ಅರಳನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೆಲವು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ.

ಎಚ್ಚರಿಕೆ: ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನು ಎಷ್ಟು ತೊಳೆದರೂ ಹುರಿದು ತಿನ್ನಬಾರದು. ಉಳಿದ ಬಿತ್ತನೆ ಬೀಜವನ್ನು ಅಡುಗೆಮನೆಯಲ್ಲಿ ಇಡದೆ, ಮಕ್ಕಳ ಕೈಗೆಟುಕದಂತೆ ಬೇರೆಡೆ ಇಡಿ.