ನೇತ್ರಾವತಿಯ ದಡದ ಇಗರ್ಜಿಗಳು, ಶಾಲೆಗಳು

ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾದು ಮಂಗಳೂರಿನ ತೆಂಕಣ ಅಂಚಿನಲ್ಲಿ ಕಡಲನ್ನು ಸೇರುವ ನೇತ್ರಾವತಿಯ ಕಣಿವೆಯಲ್ಲಿ ಚರ್ಚುಗಳ ಚರಿತ್ರೆಯನ್ನು ಶಾಲೆಗಳ ಚರಿತ್ರೆಯಿಂದ ಬಿಡಿಸಿ ಹೇಳುವುದು ಕಷ್ಟ. ಎರಡಕ್ಕೂ ಹೊಳೆಯೇ ದಾರಿಯಾಯಿತು, ಹೊಳೆಯ ಮಣ್ಣೇ ಮಾಡಾಯಿತು. ಇಲ್ಲಿನ ಕೊಂಕಣಿ ಕ್ರೈಸ್ತರು ಚರ್ಚನ್ನು 'ಇಗರ್ಜಿ' ಎನ್ನುವುದು ಪೋರ್ಚುಗೀಸ್ ಭಾಷೆಯಿಂದ ಬಂದ ರೂಢಿ.

ಅಳಿವೆಗೆ ಹತ್ತಿರದ ಬೋಳಾರದಲ್ಲಿ 1568ರಲ್ಲಿ ರೊಜಾರಿಯೊ ಇಗರ್ಜಿ ಸ್ಥಾಪನೆಯಾಯಿತು. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದ್ದು ಕೆಳದಿಯ ರಾಣಿ ಚೆನ್ನಮ್ಮ ಉಂಬಳಿಯಾಗಿ ಕೊಟ್ಟ ಭೂಮಿಯಲ್ಲಿ ಎಂಬುದನ್ನು ಕನ್ನಡ ನಾಡಿನ ಚರಿತ್ರೆ ಮರೆಯಬಾರದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟಾಗ ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದವು. ಹೊಳೆಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಮಾತ್ರ, ಅಲ್ಲಿನ ಪಾದ್ರಿ ಮಿರಾಂಡರಿಗೂ ಟಿಪ್ಪುವಿನ ತಂದೆ ಹೈದರಾಲಿಗೂ ಇದ್ದ ಸ್ನೇಹದ ಕಾರಣದಿಂದ ಉಳಿಯಿತೆಂದು ಹೇಳಲಾಗುತ್ತದೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಸೆರೆಯಿಂದ ಬದುಕಿ ಮರಳಿದವರು ಮತ್ತೆ ಕಟ್ಟಿಕೊಂಡರು. ಆದುದರಿಂದ ಇಲ್ಲಿ ಇಗರ್ಜಿಯ ವಯಸ್ಸು ಒಂದು, ಅದರ ಗೋಡೆಗಳ ವಯಸ್ಸು ಇನ್ನೊಂದು.

ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಶಾಲೆಯ ಕೆಲಸಕ್ಕೆ ಹೊಸ ವೇಗ ಬಂತು. ಎರಡೇ ವರ್ಷಗಳಲ್ಲಿ ಕನ್ನಡ ಶಾಲೆಯೊಂದು ತೆರೆಯಿತು; ಓದುವವರಿಗೆ ಪುಸ್ತಕ ಬೇಕಾಗಿ 1841ರಲ್ಲಿ ಕಲ್ಲಚ್ಚಿನ, ಎಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಪ್ರತಿ ತೆಗೆಯುವ, ಮುದ್ರಣಾಲಯ ಬಂತು; 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯಾಗಿ ಅಲ್ಲಿಂದಲೇ ಹೊರಬಿತ್ತು. ಮತಪ್ರಚಾರವೇ ಮಿಶನ್ನಿನ ಉದ್ದೇಶವಾಗಿತ್ತು ಎಂಬುದು ನಿಜ; ಆದರೆ ಆ ಅಚ್ಚಿನ ಮನೆ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಮುದ್ರಿಸಿತು ಎಂಬುದೂ ಅಷ್ಟೇ ನಿಜ, ಮತ್ತು ಕನ್ನಡಿಗರು ಕೃತಜ್ಞರಾಗಿರಬೇಕಾದದ್ದು ಈ ಎರಡನೆಯದಕ್ಕೆ.

ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಲು ಮಿಶನ್ ನೇಯ್ಗೆಯ ಕೈಗಾರಿಕೆಯನ್ನು ಆರಂಭಿಸಿತು. 1865ರಲ್ಲಿ ಮಿಶನ್ನಿನವರೇ ಆದ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ನಿಲ್ಲಿಸಿದರು. ನೇತ್ರಾವತಿಯ ದಡದ ಆವೆಮಣ್ಣನ್ನು ಹದಮಾಡಿ, ಅಚ್ಚೊತ್ತಿ, ಸುಟ್ಟು ತೆಗೆದ ಈ ಹಂಚುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವುದರಿಂದ ಕರಾವಳಿಯ ಜಡಿಮಳೆಗೂ ಸೋರುತ್ತಿರಲಿಲ್ಲ. ವರ್ಷವರ್ಷವೂ ಮುಳಿಹುಲ್ಲು ಹೊದಿಸುವ ಪಾಡು ತಪ್ಪಿ, ಮುರಕಲ್ಲಿನ ಗೋಡೆಯ ಮೇಲೆ ಹಂಚಿನ ಮಾಡು ಎಂಬುದು ಈ ಸೀಮೆಯ ಶಾಲೆ, ಇಗರ್ಜಿ, ಮನೆಗಳೆಲ್ಲದರ ರೂಪವಾಯಿತು.

ಕಥೋಲಿಕರ ಕಡೆಯಿಂದ ಇಟಲಿಯ ಜೆಸ್ವಿತ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅದರ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು ಅಂತೋನಿಯೊ ಮೊಸ್ಕೇನಿ ಎಂಬ ಚಿತ್ರಕಾರ 19ನೇ ಶತಮಾನದ ಕೊನೆಯಲ್ಲಿ ಚಿತ್ರಗಳಿಂದ ತುಂಬಿದರು. ಇವುಗಳಲ್ಲಿ ಹಲವು ಫ್ರೆಸ್ಕೊಗಳು: ಹಸಿ ಸುಣ್ಣದ ಗಾರೆ ಆರುವ ಮುನ್ನವೇ ಬಣ್ಣ ಹಚ್ಚಬೇಕು, ಗಾರೆಯೊಡನೆ ಬಣ್ಣವೂ ಗಟ್ಟಿಯಾಗಿ ಗೋಡೆಯೇ ಚಿತ್ರವಾಗುತ್ತದೆ. ಗೋಡೆಗೆ ತೇವ ಇಳಿದರೆ ಚಿತ್ರಕ್ಕೂ ಇಳಿದಂತೆ. ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಊರಿನಲ್ಲಿ ಅವುಗಳ ಬಣ್ಣ ಮಾಸತೊಡಗಿದ್ದರಿಂದ 1990ರ ದಶಕದ ಆರಂಭದಲ್ಲಿ ತಜ್ಞರು ಅವನ್ನು ಶುದ್ಧೀಕರಿಸಿ ಉಳಿಸಿದರು. ಮಾಡಿನ ಹಂಚನ್ನು ಪ್ರತಿ ಮಳೆಗಾಲಕ್ಕೆ ಮೊದಲು ನೋಡಿಕೊಳ್ಳುವ ಕೆಲಸ ಮಾತ್ರ ಎಂದಿಗೂ ಮುಗಿಯುವಂಥದ್ದಲ್ಲ.