ಬಹುಮಾನವಿಲ್ಲದ ವಾರ್ಷಿಕೋತ್ಸವ

ವಿಜಯಪುರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಓದಿದ ನನ್ನ ವಾರಿಗೆಯವರಿಗೆ ಶಾಲೆಯ ವರ್ಷ ಮುಗಿಯುವುದೆಂದರೆ ಎರಡು ದಿನಗಳ ನೆನಪು. ಒಂದು ‘ಗ್ಯಾದರಿಂಗ್’. ಓಟದಲ್ಲಿ ಗೆದ್ದವರಿಗೆ ಸ್ಟೀಲ್ ತಟ್ಟೆ, ಭಾಷಣದಲ್ಲಿ ಗೆದ್ದವರಿಗೆ ಪೆನ್ನು, ರಾತ್ರಿ ನಾಟಕ. ಇನ್ನೊಂದು ಏಪ್ರಿಲ್ 10. ಪಾಸೋ ನಪಾಸೋ ಎಂಬುದು ಅಂದು ಬೆಳಿಗ್ಗೆಯೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಓದು ಬಾರದ ಅಪ್ಪ ಅವ್ವನಿಗೂ ಈ ಎರಡು ದಿನಗಳ ಲೆಕ್ಕ ತಿಳಿಯುತ್ತಿತ್ತು. ತಟ್ಟೆ ಬಂತೇ? ಪಾಸಾಯಿತೇ? ಅಷ್ಟು ಸಾಕಿತ್ತು.

ಈಗ ಪುಣೆಯಲ್ಲಿ ನನ್ನ ಮಗಳು ಓದುತ್ತಿರುವುದು ಐಬಿ ಪಠ್ಯಕ್ರಮದ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ. ಆಗಸ್ಟ್‌ನಲ್ಲಿ ತೆರೆಯುವ ಶಾಲೆ ಮೇ ಕೊನೆಗೆ ಮುಚ್ಚುತ್ತದೆ. ಊರಿನ ಮಕ್ಕಳು ಮಾವಿನಕಾಯಿ ಉದುರಿಸುತ್ತಿರುವಾಗ ಇಲ್ಲಿ ವರ್ಷಾಂತ್ಯದ ಗಡಿಬಿಡಿ. ಐದನೇ ತರಗತಿಯವರ ಎಕ್ಸಿಬಿಷನ್, ಮಕ್ಕಳೇ ತಮ್ಮ ಕೆಲಸವನ್ನು ಹೆತ್ತವರಿಗೆ ವಿವರಿಸುವ ಸಭೆ, ಚಿತ್ರಕಲೆ ಮತ್ತು ಸಂಗೀತದ ಸಂಜೆ, ಹನ್ನೆರಡನೆಯವರ ಬೀಳ್ಕೊಡುಗೆ, ಹೀಗೆ ಒಂದರ ಹಿಂದೊಂದು. ಚಿಕ್ಕ ತರಗತಿಗಳಲ್ಲಿ ರ್‍ಯಾಂಕಿಲ್ಲ, ಪರ್ಸೆಂಟಿಲ್ಲ, ತಟ್ಟೆಯಂತೂ ಇಲ್ಲವೇ ಇಲ್ಲ. ‘ಮಗಳಿಗೆ ಎಷ್ಟು ಬಂತು?’ ಎಂದು ಊರಿಂದ ಫೋನ್ ಬಂದರೆ ಹೇಳಲು ಒಂದು ಅಂಕಿಯೂ ಇರುವುದಿಲ್ಲ. ಹಾಗಾದರೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ ವರ್ಷದ ಕೊನೆಗೆ ನಾವು ನೋಡಬೇಕಾದದ್ದು ಏನನ್ನು?

ಹೆಸರಿಗೆ ಮೋಸಹೋಗಬೇಡಿ

ಮೊದಲಿಗೆ ಒಂದು ಮಾತು. ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’ ಎಂದು ಬರೆದುಕೊಂಡ ಶಾಲೆಗಳೆಲ್ಲ ಅಂತರರಾಷ್ಟ್ರೀಯ ಪಠ್ಯಕ್ರಮದವಲ್ಲ. ಎಷ್ಟೋ ಕಡೆ ಒಳಗೆ ನಡೆಯುವುದು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮವೇ. ನಿಜಕ್ಕೂ ಹೊರಗಿನ ಪಠ್ಯಕ್ರಮ ಎಂದರೆ ನಮ್ಮಲ್ಲಿ ಮುಖ್ಯವಾಗಿ ಎರಡು: ಕೇಂಬ್ರಿಜ್ ಮತ್ತು ಐಬಿ. ಐಬಿ ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. ಇದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸಂಸ್ಥೆ. ಭಾರತದಲ್ಲಿ ಇದನ್ನು ಮೊದಲು ತಂದದ್ದು ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್, 1976ರಲ್ಲಿ. ಪುಣೆಯ ಹತ್ತಿರದ ಮುಳಶಿಯಲ್ಲಿ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜು 1997ರಲ್ಲಿ ಆರಂಭವಾಯಿತು. ಇಂದು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಎಲ್ಲ ಕಡೆ ಐಬಿ ಶಾಲೆಗಳಿವೆ. ಐಟಿ ಮತ್ತು ಬ್ಯಾಂಕ್ ಕೆಲಸದಲ್ಲಿ ಊರಿಂದೂರಿಗೆ ವರ್ಗವಾಗುವ ನಮ್ಮಂಥವರ ಮಕ್ಕಳು ಅಲ್ಲಿ ಕಾಣಸಿಗುತ್ತಾರೆ.

ಐದನೇ ತರಗತಿಯ ಪ್ರಶ್ನೆ

ಐಬಿಯ ಪ್ರಾಥಮಿಕ ಹಂತ ಮುಗಿಯುವ ವರ್ಷ ಎಲ್ಲ ಮಕ್ಕಳೂ ಎಕ್ಸಿಬಿಷನ್ ಮಾಡಬೇಕು. ನಮ್ಮ ಕಾಲದ ವಿಜ್ಞಾನ ವಸ್ತುಪ್ರದರ್ಶನದ ಹಾಗೆ ಥರ್ಮೋಕೋಲಿನ ಜ್ವಾಲಾಮುಖಿ ಮಾಡಿಟ್ಟರೆ ಮುಗಿಯಿತು ಎನ್ನುವ ಹಾಗಿಲ್ಲ. ಮೂರು–ನಾಲ್ಕು ಮಕ್ಕಳ ಗುಂಪು ತಮ್ಮ ಸುತ್ತಲಿನ ಒಂದು ನಿಜವಾದ ಸಮಸ್ಯೆಯನ್ನು ಆರಿಸಿಕೊಳ್ಳುತ್ತದೆ. ವಾರಗಟ್ಟಲೆ ಜನರನ್ನು ಕೇಳಿ, ಅಳೆದು, ಬರೆದು, ಏನಾದರೊಂದು ಕ್ರಮ ಕೈಗೊಂಡು ಕೊನೆಗೆ ಬಂದವರಿಗೆಲ್ಲ ವಿವರಿಸಬೇಕು. ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಪ್ರಥಮ, ದ್ವಿತೀಯ ಎಂಬುದಿಲ್ಲ.

ಮಗಳ ಗುಂಪು ಎತ್ತಿಕೊಂಡ ಪ್ರಶ್ನೆ: ‘ನಮ್ಮ ಸೊಸೈಟಿಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?’ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಬಡಾವಣೆ ನಮ್ಮದು. ಬರುವ ನೀರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹೋಗುವ ನೀರಿನ ಬಗ್ಗೆ ಯಾರೂ ಇಲ್ಲ ಎನ್ನುವುದು ಮಕ್ಕಳ ವಾದ. ಸೊಸೈಟಿಯ ನೆಲಮಾಳಿಗೆಯಲ್ಲಿರುವ ಎಸ್‌ಟಿಪಿಗೆ ಇಳಿದು, ಅದನ್ನು ನಡೆಸುವವರ ಜೊತೆ ಮಾತಾಡಿ, ಎಷ್ಟು ನೀರು ತೋಟಕ್ಕೆ, ಎಷ್ಟು ಚರಂಡಿಗೆ ಎಂದು ಬರೆದುಕೊಂಡು ಬಂದರು. ದೊಡ್ಡದೊಂದು ನಕ್ಷೆ ಬರೆದರು. ಪವನಾ ನದಿ ದಾಪೋಡಿಯ ಬಳಿ ಮುಳಾ ನದಿಗೆ ಸೇರುತ್ತದೆ. ಮುಳಾ ಮತ್ತು ಮುಠಾ ನಗರದ ನಡುವೆ ಸಂಗಮವಾಡಿಯಲ್ಲಿ ಕೂಡುತ್ತವೆ. ಆಮೇಲೆ ಮುಳಾ–ಮುಠಾ ಪುಣೆ ದಾಟಿ ಪೂರ್ವಕ್ಕೆ ಹೊರಡುತ್ತದೆ. ನಕ್ಷೆ ಅಲ್ಲಿಗೆ ಮುಗಿದಿತ್ತು.

ಎಕ್ಸಿಬಿಷನ್ ನೋಡಲು ನನ್ನ ಅವ್ವ ಊರಿಂದ ಬಂದಿದ್ದಳು. ಇಂಡಿ ತಾಲ್ಲೂಕಿನ ಭೀಮಾ ತೀರದ ಹಳ್ಳಿ ನಮ್ಮದು. ಬಂದವರಿಗೆಲ್ಲ ಮೊಮ್ಮಗಳು ಇಂಗ್ಲಿಷಿನಲ್ಲಿ ಗಟಗಟನೆ ಹೇಳುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ನಿಂತು ಕೇಳಿ, ‘ನನಗೂ ಒಂಚೂರು ತಿಳಿಯೋ ಹಂಗ ಹೇಳವಾ’ ಎಂದಳು.

ಮಗಳು ಕನ್ನಡದಲ್ಲಿ ಶುರುಮಾಡಿದಳು. ಎರಡನೇ ವಾಕ್ಯಕ್ಕೇ ತಡವರಿಸಿದಳು. ‘ಸೀವೇಜ್’ ಎನ್ನಲು ಕನ್ನಡದಲ್ಲಿ ಏನೆನ್ನಬೇಕು? ‘ಗಟಾರದ ನೀರು ಅನ್ನು’ ಎಂದಳು ಅಜ್ಜಿ. ಟ್ರೀಟ್‌ಮೆಂಟ್ ಅಂದರೆ? ಅದಕ್ಕೆ ಮಗಳೇ ಯೋಚಿಸಿ, ‘ಹೊಲಸು ಕೆಳಗ ಕೂಡೋ ಹಂಗ ಮಾಡಿ, ಗಾಳಿ ಬಿಟ್ಟು, ಸೋಸೂದು’ ಎಂದು ಬಿಡಿಸಿ ಹೇಳಿದಳು. ಇಂಗ್ಲಿಷಿನ ಒಂದು ಪದದಲ್ಲಿ ಮುಚ್ಚಿಹೋಗಿದ್ದ ಕೆಲಸವೆಲ್ಲ ಕನ್ನಡದಲ್ಲಿ ಹೇಳುವಾಗ ಹೊರಬಂತು.

ಆಮೇಲೆ ಅಜ್ಜಿಯ ಪ್ರಶ್ನೆ: ‘ಈ ನೀರು ಮುಂದ ಎಲ್ಲಿಗೆ ಹೋಗ್ತದ?’

‘ಹೊಳಿಗೆ.’

‘ಹೊಳಿ ಮುಂದ?’

ನಕ್ಷೆಯಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಶಿಕ್ಷಕಿ ಪ್ರಶ್ನೆ ಏನೆಂದು ಕೇಳಿ ತಿಳಿದುಕೊಂಡು, ‘ಹುಡುಕಿ’ ಎಂದು ಮಕ್ಕಳಿಗೆ ಹೇಳಿದರು. ಅಲ್ಲೇ ಕುಳಿತು ಹುಡುಕಿದರು. ಮುಳಾ–ಮುಠಾ ದೌಂಡ್ ತಾಲ್ಲೂಕಿನಲ್ಲಿ ಭೀಮಾ ನದಿಗೆ ಸೇರುತ್ತದೆ. ಭೀಮೆ ಉಜನಿ ಜಲಾಶಯಕ್ಕೆ ಬರುತ್ತದೆ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುತ್ತದೆ. ಅಲ್ಲಿಂದ ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚಿಗೆ ಬಂದು, ಗಾಣಗಾಪುರ ಹಾದು, ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ‘ಅಂದ್ರ ಅದು ನಮ್ಮ ಹೊಳಿನೇ’ ಎಂದಳು ಅವ್ವ. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಒರತೆ ತೋಡಿ, ಬಟ್ಟೆ ಹಾಸಿ ಕುಡಿಯುವ ನೀರು ತುಂಬಿಕೊಂಡು ಬರುತ್ತಿದ್ದ ದಿನಗಳನ್ನು ಮಕ್ಕಳಿಗೆ ಹೇಳಿದಳು. ಗುಂಪಿನಲ್ಲಿದ್ದ ಮರಾಠಿ ಮತ್ತು ತಮಿಳು ಮಕ್ಕಳಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿದವಳು ಮಗಳು. ಮಾರನೆಯ ದಿನ ನಕ್ಷೆಗೆ ಇನ್ನೆರಡು ಹಾಳೆ ಅಂಟಿದವು. ಹೊಳೆ, ಒರತೆ, ಗಟಾರ ಎಂಬ ಪದಗಳು ಕನ್ನಡ ಲಿಪಿಯಲ್ಲಿಯೇ ಅದರ ಮೇಲೆ ಕುಳಿತವು.

ವರ್ಷಾಂತ್ಯದ ಸಾಧನೆ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಆ ಎರಡು ಹಾಳೆಗಳನ್ನು. ತಾನು ಮಾಡಿದ್ದನ್ನು ಮನೆಯ ಹಿರಿಯರಿಗೆ, ಮನೆಯ ಮಾತಿನಲ್ಲಿ ತಿಳಿಸಲು ಬಂದರೆ ಮಗುವಿಗೆ ವಿಷಯ ತಿಳಿದಿದೆ ಎಂದರ್ಥ. ಬಾರದಿದ್ದರೆ ಇನ್ನೂ ಕೆಲಸ ಬಾಕಿಯಿದೆ.

ಮೂವತ್ತನಾಲ್ಕು ಪಾಸೇ?

ಮೇಲಿನ ತರಗತಿಗಳಿಗೆ ಬಂದಂತೆ ಅಂಕಗಳೂ ಬರುತ್ತವೆ, ಗೊಂದಲವೂ. ಹತ್ತನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನಿಷ್ಟದ ಒಂದು ವಿಷಯದ ಮೇಲೆ ‘ಪರ್ಸನಲ್ ಪ್ರಾಜೆಕ್ಟ್’ ಮಾಡಬೇಕು. ಕೊನೆಯ ಎರಡು ವರ್ಷ ಡಿಪ್ಲೊಮಾ. ಆರು ವಿಷಯ, ಒಂದೊಂದಕ್ಕೆ 7ರಂತೆ 42 ಅಂಕ. 4,000 ಪದಗಳ ಮಿತಿಯ ಒಂದು ಸಂಶೋಧನಾ ಪ್ರಬಂಧ ಮತ್ತು ಜ್ಞಾನಮೀಮಾಂಸೆಯ ಒಂದು ವಿಷಯಕ್ಕೆ ಸೇರಿ 3. ಒಟ್ಟು 45. ಉಳಿದ ಷರತ್ತುಗಳನ್ನು ಪೂರೈಸಿ 24 ಪಡೆದರೆ ಡಿಪ್ಲೊಮಾ.

ನನ್ನ ಸಹೋದ್ಯೋಗಿಯೊಬ್ಬರ ಮಗನಿಗೆ 34 ಬಂತು. ಒಳ್ಳೆಯ ಫಲಿತಾಂಶ. ಊರಿಗೆ ಫೋನ್ ಮಾಡಿ ಹೇಳಿದರೆ ಆ ಕಡೆಯಿಂದ ದೊಡ್ಡಪ್ಪ, ‘ಅಯ್ಯೋ, ಒಂದೇ ಮಾರ್ಕಿನಲ್ಲಿ ಹೋಯಿತಲ್ಲ!’ ಎಂದರಂತೆ. 35ಕ್ಕೆ ಪಾಸು ಎಂಬ ಲೆಕ್ಕ ನಮ್ಮ ರಕ್ತದಲ್ಲೇ ಇದೆ.

ನಗುವ ವಿಷಯ ಬಿಟ್ಟರೆ ಎಚ್ಚರಿಕೆಯ ವಿಷಯವೂ ಇದೆ. ಮೇ ತಿಂಗಳಲ್ಲಿ ನಡೆಯುವ ಡಿಪ್ಲೊಮಾ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರ. ಅಷ್ಟರಲ್ಲಿ ನಮ್ಮ ದೇಶದ ಹಲವು ಕಾಲೇಜುಗಳ ಪ್ರವೇಶ ಪ್ರಕ್ರಿಯೆ ಅರ್ಧ ಮುಗಿದಿರುತ್ತದೆ. ಐಬಿ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಹನ್ನೆರಡನೇ ತರಗತಿಗೆ ಸಮಾನ ಎಂದು ಮಾನ್ಯ ಮಾಡಿದ್ದರೂ ನೀಟ್, ಸಿಇಟಿ, ಜೆಇಇ ಬರೆಯುವವರು ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು ಎಂಬುದನ್ನು ಹತ್ತನೆಯ ಕೊನೆಯಲ್ಲೇ ನಿರ್ಧರಿಸಬೇಕು. ಹನ್ನೆರಡರ ಬೀಳ್ಕೊಡುಗೆ ಸಮಾರಂಭದಲ್ಲಿ ವಿಚಾರಿಸಿದರೆ ತಡವಾಗಿರುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಬಹುಮಾನವಿಲ್ಲ ಎಂದ ಮಾತ್ರಕ್ಕೆ ಪೈಪೋಟಿ ಇಲ್ಲ ಎಂದಲ್ಲ. ಕೆಲವು ಕಡೆ ಐದನೇ ತರಗತಿಯ ಮಕ್ಕಳ ಫಲಕಗಳು ಜಾಹೀರಾತು ಕಂಪನಿಯವರು ಮಾಡಿಕೊಟ್ಟಂತೆ ಹೊಳೆಯುತ್ತಿರುತ್ತವೆ. ಪ್ರಾಜೆಕ್ಟ್ ಬರೆದದ್ದು ಅಪ್ಪ, ಪ್ರಿಂಟ್ ಹಾಕಿಸಿದ್ದು ಅಮ್ಮ, ಬಾಯಿಪಾಠ ಮಾತ್ರ ಮಗುವಿನದು. ಅಂಥ ಫಲಕದ ಮುಂದೆ ಸಿದ್ಧ ಉತ್ತರದ ಆಚೆಗಿನ ಒಂದೇ ಪ್ರಶ್ನೆ ಕೇಳಿ ನೋಡಿ, ಗುಟ್ಟು ಗೊತ್ತಾಗುತ್ತದೆ.

ಕನ್ನಡಕ್ಕೆ ಜಾಗ ಎಲ್ಲಿದೆ?

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಲಿಕೆ ಕಡ್ಡಾಯ. ಅದು ನ್ಯಾಯವೇ. ಕರ್ನಾಟಕದಲ್ಲಿ ನಾವೂ ಕನ್ನಡಕ್ಕಾಗಿ 2015ರಲ್ಲಿ ಅಂಥದ್ದೇ ಕಾಯ್ದೆ ಮಾಡಿಕೊಂಡಿದ್ದೇವೆ. ಮರಾಠಿ, ಹಿಂದಿ, ಇಂಗ್ಲಿಷ್, ಮೇಲೆ ಫ್ರೆಂಚ್ ಅಥವಾ ಸ್ಪ್ಯಾನಿಷ್ ಆದ ಮೇಲೆ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಪೀರಿಯಡ್ ಉಳಿಯುವುದಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಪ್ರತಿ ಐಬಿ ಶಾಲೆಗೂ ಲಿಖಿತ ಭಾಷಾ ನೀತಿ ಇರಬೇಕು, ಮಕ್ಕಳ ಮನೆಮಾತಿಗೆ ಹೇಗೆ ಬೆಂಬಲ ಕೊಡುತ್ತೇವೆ ಎಂಬುದನ್ನು ಅದರಲ್ಲಿ ಹೇಳಬೇಕು. ಅದನ್ನು ಕೇಳಿ ಪಡೆದು ಓದಿ. ಡಿಪ್ಲೊಮಾ ಹಂತದಲ್ಲಿ ಶಾಲೆಯಲ್ಲಿ ಶಿಕ್ಷಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು, ಶಾಲೆಯ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ತಾನೇ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆಯೂ ಇದೆ. ಇದಕ್ಕೆ ಬಹಳ ಮುಂಚೆಯೇ ಸಂಯೋಜಕರನ್ನು ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ವ್ಯವಹಾರದ ಕಾರಣವೂ ಇದೆ. ಕರ್ನಾಟಕದ ಸಿಇಟಿಗೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮಾತಾಡಲು ಬಂದರೆ ಸಾಲದು, ಓದಲು ಬರೆಯಲು ಬರಬೇಕು. ಅದನ್ನು ಹನ್ನೆರಡರ ಮೇ ತಿಂಗಳಲ್ಲಿ ಕಲಿಸಲಾಗದು. ಒಂದು ಕಾಲಕ್ಕೆ ಮುಂಬೈನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡದಲ್ಲೇ ಓದಿ ಮುಂದೆ ಬಂದರು. ಏಸಿ ಬಸ್ಸಿನಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಸಿಗಲಾರದೇ?

ಹೋಗಿ ನೋಡುವವರಿಗೆ

ಮುಂದಿನ ಬಾರಿ ನಿಮ್ಮ ಮಗುವಿನ ಶಾಲೆಯ ವರ್ಷಾಂತ್ಯದ ಕಾರ್ಯಕ್ರಮಕ್ಕೆ ಹೋದಾಗ ಫೋಟೊ ತೆಗೆಯುವುದಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಿ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ? ಮೊದಲು ಅಂದುಕೊಂಡದ್ದು ಎಲ್ಲಿ ತಪ್ಪಾಯಿತು? ಇನ್ನೂ ಗೊತ್ತಾಗದೆ ಉಳಿದದ್ದು ಏನು? ಮೂರನ್ನೂ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರಿಸಲು ಬಿಡಿ. ನಡುವೆ ಇಂಗ್ಲಿಷ್ ಪದ ಬಂದರೆ ಬರಲಿ, ತಿದ್ದಲು ಹೋಗಬೇಡಿ. ಸಾಧ್ಯವಾದರೆ ಅಜ್ಜ ಅಜ್ಜಿಯನ್ನು ಆ ವಾರಕ್ಕೇ ಕರೆಸಿಕೊಳ್ಳಿ. ಶಾಲೆಯವರು ಬೇಡ ಎನ್ನುವುದಿಲ್ಲ. ಕೇಳುವವರು ಹೊಸಬರಾದಷ್ಟೂ ಮಕ್ಕಳು ಚೆನ್ನಾಗಿ ಹೇಳುತ್ತಾರೆ.

ಈ ರಜೆಯಲ್ಲಿ ನಾವು ಊರಿಗೆ ಹೋಗುತ್ತಿದ್ದೇವೆ. ಭೀಮೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ತಂದು ಶಾಲೆಯ ಪ್ರಯೋಗಾಲಯದಲ್ಲಿ ನೋಡಬೇಕೆಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. ಎಕ್ಸಿಬಿಷನ್ ಮುಗಿದಿದೆ, ಅದಕ್ಕೆ ಇನ್ನು ಯಾರೂ ಅಂಕ ಕೊಡುವುದಿಲ್ಲ. ಆದರೂ ಬಾಟಲಿ ತೊಳೆದಿಟ್ಟುಕೊಂಡಿದ್ದಾಳೆ.