ಮಿಕ್ಕ ಮಯೋನೀಸ್ ಕಾವಲಿಗೆ

ಮನೆಯಲ್ಲಿ ಮಯೋನೀಸ್ ಮಾಡಿದರೆ ಒಂದಿಷ್ಟು ಮಿಗದೆ ಇರುವುದಿಲ್ಲ. ಮಿಕ್ಸಿ ಜಾರಿನ ಬ್ಲೇಡು ಮುಳುಗುವಷ್ಟು ಪದಾರ್ಥ ಇಲ್ಲದಿದ್ದರೆ ಅದು ಕೂಡಿಕೊಳ್ಳುವುದೇ ಇಲ್ಲ. ಒಂದು ಮೊಟ್ಟೆಯ ಹಳದಿಗೆ ಮುಕ್ಕಾಲು ಲೋಟ ಎಣ್ಣೆ ಸಲೀಸಾಗಿ ಹಿಡಿಯುತ್ತದೆ. ನಾಲ್ಕು ಸ್ಯಾಂಡ್‌ವಿಚ್‌ಗೆ ಬೇಕಾಗುವುದು ನಾಲ್ಕೈದು ಚಮಚ ಮಾತ್ರ. ಉಳಿದದ್ದು ಡಬ್ಬಿ ಸೇರಿ ಫ್ರಿಜ್ಜಿನ ಮೂಲೆ ಹಿಡಿಯುತ್ತದೆ. ಅಂಗಡಿಯ ಬಾಟಲಿಯಂತೆ ಅದು ತಿಂಗಳುಗಟ್ಟಲೆ ಕಾಯುವುದಿಲ್ಲ.

ಮೈಸೂರಿನ ಗೋಕುಲಂನಂಥ ಬಡಾವಣೆಯಲ್ಲಿ ಈ ಡಬ್ಬಿಯ ವಿಚಾರ ಬರುವುದು ಸಹಜ. ಅಷ್ಟಾಂಗ ಯೋಗದ ಗುರು ಕೆ. ಪಟ್ಟಾಭಿ ಜೋಯಿಸ್ ಲಕ್ಷ್ಮೀಪುರಂನಲ್ಲಿ ನಡೆಸುತ್ತಿದ್ದ ಶಾಲೆ 2002ರಲ್ಲಿ ಗೋಕುಲಂನ ಹೊಸ ಕಟ್ಟಡಕ್ಕೆ ಬಂತು. ಅದರ ಹಿಂದೆಯೇ ವಿದೇಶಿ ವಿದ್ಯಾರ್ಥಿಗಳು, ಅವರಿಗಾಗಿ ಬಾಡಿಗೆ ಕೋಣೆಗಳು, ಕೆಫೆಗಳು ಬಂದವು. ಇಡ್ಲಿ, ದೋಸೆಯ ಊರಿನಲ್ಲಿ ಸಲಾಡು, ಸ್ಯಾಂಡ್‌ವಿಚ್ಚುಗಳೂ ದಿನನಿತ್ಯದ ತಿಂಡಿಯಾದವು. ತಿಂಗಳೆರಡು ತಿಂಗಳ ಬಾಡಿಗೆ ಕೋಣೆಯ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಒಂದು ಗ್ಯಾಸ್ ಒಲೆ, ಒಂದು ಕಾವಲಿ, ಒಂದು ಪುಟ್ಟ ಫ್ರಿಜ್ಜು ಇದ್ದರೆ ಹೆಚ್ಚು. ಓವನ್ ಇರುವುದು ಅಪರೂಪ. ಮಿಕ್ಕ ಮಯೋನೀಸ್ ಖರ್ಚು ಮಾಡಲು ಅಷ್ಟೇ ಸಾಕು.

ಮಯೋನೀಸ್ ಎಂದರೆ ಬಹುಪಾಲು ಎಣ್ಣೆ. ತೂಕದಲ್ಲಿ ಮುಕ್ಕಾಲು ಭಾಗದಷ್ಟು ಎಣ್ಣೆಯೇ ಇರುತ್ತದೆ. ಉಳಿದದ್ದು ಮೊಟ್ಟೆ, ನಿಂಬೆರಸ ಅಥವಾ ವಿನೆಗರ್, ಉಪ್ಪು, ಸ್ವಲ್ಪ ಸಾಸಿವೆ. ನೀರಿನ ಜೊತೆ ಸೇರದ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು, ಅವು ಮತ್ತೆ ಒಂದುಗೂಡದಂತೆ ತಡೆಯುವ ಕೆಲಸ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳದು. ಮೊಟ್ಟೆ ತಿನ್ನದ ಮನೆಗಳಲ್ಲಿ ಇದೇ ಕೆಲಸವನ್ನು ಹಾಲಿನ ಪ್ರೋಟೀನು ಮಾಡುತ್ತದೆ: ಒಂದು ಪಾಲು ತಣ್ಣನೆಯ ಹಾಲಿಗೆ ಎರಡು ಪಾಲು ಎಣ್ಣೆ, ಕೊನೆಗೆ ನಿಂಬೆರಸ. ಇದನ್ನು ಕೇವಲ ಚಟ್ನಿಯ ಹಾಗೆ ನಂಜಿಕೊಳ್ಳುವ ಪದಾರ್ಥ ಎಂದುಕೊಂಡರೆ ಡಬ್ಬಿ ಖಾಲಿಯಾಗುವುದು ಕಷ್ಟ. ಎಣ್ಣೆ, ಮೊಟ್ಟೆ, ಹುಳಿ ಮೂರೂ ಮೊದಲೇ ಬೆರೆತಿರುವ ಅಡುಗೆ ಸಾಮಗ್ರಿ ಎಂದುಕೊಂಡರೆ ಅದಕ್ಕೆ ಹತ್ತಾರು ಕೆಲಸ ಸಿಗುತ್ತದೆ.

ಖರ್ಚು ಮಾಡುವ ಮೊದಲು ಅದರ ವಯಸ್ಸು ನೋಡಬೇಕು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಂಭವವಿದೆ. ಈ ಭಯದಿಂದಲೇ ಕೇರಳ 2023ರ ಜನವರಿಯಲ್ಲಿ, ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮಯೋನೀಸ್ ಮಾರಾಟವನ್ನು ನಿಷೇಧಿಸಿದವು. ಮನೆಯಲ್ಲಿ ಮಾಡಿದ್ದನ್ನು ಮಾಡಿದ ಕೂಡಲೇ ಫ್ರಿಜ್ಜಿಗೆ ಇಟ್ಟು ಮೂರು, ನಾಲ್ಕು ದಿನದೊಳಗೆ ಮುಗಿಸಬೇಕು. ಹಾಲಿನಿಂದ ಮಾಡಿದ್ದಕ್ಕೂ ಇದೇ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಉಳಿದದ್ದು ಮತ್ತೆ ಡಬ್ಬಿಗೆ ಹೋಗಬಾರದು. ಮೈಸೂರಿನ ಹವೆ ತಂಪು ಎಂಬ ಹಳೆಯ ನಂಬಿಕೆ ಇಲ್ಲಿ ನಡೆಯದು. ಏಪ್ರಿಲ್‌ನ ಮಧ್ಯಾಹ್ನ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಜೊತೆಗೆ ಕರೆಂಟು ಹೋದರೆ ಫ್ರಿಜ್ಜೂ ಬೆಚ್ಚಗಾಗುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಹಸಿ ಮೊಟ್ಟೆಯದನ್ನು ಹಾಗೆಯೇ ತಿನ್ನದಿರುವುದೇ ಲೇಸು. ಸುಮಾರು 71 ಡಿಗ್ರಿ ಶಾಖ ತಾಗಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ಆದ್ದರಿಂದ ಮಿಕ್ಕದ್ದಕ್ಕೆ ಒಲೆಯ ಮೇಲಿನ ದಾರಿಯೇ ಮೇಲು. ಹಾಗೆಂದು ಹಳಸಿದ್ದನ್ನು ಬೇಯಿಸಿ ಸರಿಮಾಡಲು ಬರುವುದಿಲ್ಲ.

ಎಲ್ಲಕ್ಕಿಂತ ಸುಲಭವಾದದ್ದು ಬ್ರೆಡ್ ಟೋಸ್ಟ್. ಸ್ಯಾಂಡ್‌ವಿಚ್‌ನ ಒಳಗಲ್ಲ, ಹೊರಮೈಗೆ, ಬೆಣ್ಣೆ ಸವರುವ ಕಡೆ ಮಯೋನೀಸನ್ನು ತೆಳ್ಳಗೆ ಸವರಬೇಕು. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಕಪ್ಪಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಗಟ್ಟಿಯಾಗಿದ್ದು ಬ್ರೆಡ್ಡನ್ನೇ ಹರಿಯುತ್ತದೆ. ಮಯೋನೀಸಿಗೆ ಈ ಎರಡೂ ತಾಪತ್ರಯವಿಲ್ಲ. ಅದು ಅಂಚಿನವರೆಗೂ ಒಂದೇ ಸಮ ಹರಡುತ್ತದೆ, ಮೊಟ್ಟೆಯ ಪ್ರೋಟೀನು ಬಿಸಿ ಕಾವಲಿಗೆ ತಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಉರಿ ಸಣ್ಣದಾಗಿರಬೇಕು, ಬ್ರೆಡ್ ಎರಡೂ ಬದಿ ಗರಿಗರಿಯಾಗುವವರೆಗೆ ಕಾಯಬೇಕು. ಒಳಗೆ ಆಲೂಗಡ್ಡೆ ಪಲ್ಯ ಇದ್ದರೂ ಸರಿ, ಚೀಸ್ ಇದ್ದರೂ ಸರಿ. ಬೆಳ್ಳುಳ್ಳಿ ಹಾಕಿದ ಮಯೋನೀಸ್ ಆದರೆ ಮಾತ್ರ ಎಚ್ಚರ ಬೇಕು, ಬೆಳ್ಳುಳ್ಳಿ ಸೀದರೆ ಕಹಿ. ಹಿಂದಿನ ದಿನದ ಚಪಾತಿಗೂ ಇದೇ ಉಪಚಾರ ಮಾಡಬಹುದು.

ಕಟ್ಲೆಟ್ಟಿನಲ್ಲಿ ಮಯೋನೀಸ್ ಅಂಟಿನ ಕೆಲಸ ಮಾಡುತ್ತದೆ. ಬೇಯಿಸಿ ಹಿಸುಕಿದ ಮೂರು ಆಲೂಗಡ್ಡೆಗೆ ಒಂದು ದೊಡ್ಡ ಚಮಚ ಮಯೋನೀಸ್, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ತಟ್ಟಿ, ಹೊರಗೆ ಮತ್ತಷ್ಟು ಮಯೋನೀಸ್ ಸವರಿ ಬ್ರೆಡ್ ಪುಡಿಯಲ್ಲಿ ಹೊರಳಿಸಿದರೆ ಮೈದಾ ಕಲಸುವ, ಮೊಟ್ಟೆ ಒಡೆಯುವ ಕೆಲಸವಿಲ್ಲ. ಕಾವಲಿಯ ಮೇಲೆ ಎಣ್ಣೆಯೂ ಕಡಿಮೆ ಸಾಕು.

ಕೋಳಿ, ಮೀನು, ಪನೀರ್‌ಗೆ ಮಸಾಲೆ ಹಚ್ಚುವಾಗ ಮೊಸರು ಮತ್ತು ಎಣ್ಣೆಯ ಬದಲು ಮಯೋನೀಸ್ ಬಳಸಬಹುದು. ಅಚ್ಚಖಾರದ ಪುಡಿ, ಅರಿಶಿನ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಅದರಲ್ಲಿ ಕಲಸಿದರೆ ಮಸಾಲೆ ತುಂಡಿನಿಂದ ಜಾರುವುದಿಲ್ಲ. ಹುಳಿ ಮೊದಲೇ ಇರುವುದರಿಂದ ನಿಂಬೆ ಹಿಂಡುವುದೂ ಬೇಡ, ಉಪ್ಪನ್ನು ಸ್ವಲ್ಪ ಕಡಿಮೆ ಹಾಕಬೇಕು. ಹಸಿ ಮಾಂಸ ಅದ್ದಿದ ಬಟ್ಟಲಿನಲ್ಲಿ ಮಿಕ್ಕದ್ದನ್ನು ಮತ್ತೆ ಇಡಬಾರದು.

ಅರ್ಧ ಲೋಟವೋ ಅದಕ್ಕಿಂತ ಹೆಚ್ಚೋ ಉಳಿದಿದ್ದರೆ ಕೇಕ್ ಮಾಡುವುದೇ ಜಾಣತನ. ಕೇಳಲು ವಿಚಿತ್ರ, ಆದರೆ ಅಮೆರಿಕದ ಮನೆಗಳಲ್ಲಿ ಇದು ಹಳೆಯ ರೂಢಿ. ಕೇಕಿಗೆ ಬೇಕಾದ ಎಣ್ಣೆ, ಮೊಟ್ಟೆ ಎರಡೂ ಮಯೋನೀಸಿನಲ್ಲೇ ಇವೆ. ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ, ಕಾಲು ಲೋಟ ಕೋಕೋ ಪುಡಿ, ಎರಡು ಟೀ ಚಮಚ ಅಡುಗೆ ಸೋಡಾ, ಒಂದು ಲೋಟ ಮಯೋನೀಸ್, ಒಂದು ಲೋಟ ನೀರು. ಉಳಿದದ್ದು ಅರ್ಧ ಲೋಟವಾದರೆ ಎಲ್ಲವೂ ಅರ್ಧ. ಹುಳಿಯೂ ಸೋಡಾವೂ ಸೇರಿ ಹಿಟ್ಟು ಉಬ್ಬುತ್ತದೆ, ಕೋಕೋ ಉಳಿದ ವಾಸನೆಯನ್ನು ಮುಚ್ಚುತ್ತದೆ. ಓವನ್ ಇಲ್ಲದಿದ್ದರೆ ಕುಕ್ಕರ್ ಇದೆ: ತಳಕ್ಕೆ ಉಪ್ಪು ಹರಡಿ, ರಬ್ಬರ್ ಮತ್ತು ವಿಷಲ್ ತೆಗೆದು, ಹತ್ತು ನಿಮಿಷ ಕಾಯಿಸಿ, ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬೇಕು. ಚಾಕು ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಆಯಿತು. ಸಾಸಿವೆ, ಬೆಳ್ಳುಳ್ಳಿ ಢಾಳಾಗಿರುವ ಮಯೋನೀಸ್ ಇದಕ್ಕೆ ಆಗದು.

ತಣ್ಣಗೆ ಬಳಸುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಸಮಪಾಲು ಗಟ್ಟಿ ಮೊಸರು ಬೆರೆಸಿದರೆ ಜಿಡ್ಡು ಇಳಿದು, ತುರಿದ ಎಲೆಕೋಸು, ಕ್ಯಾರೆಟ್ಟಿಗೆ ಹಿತವಾಗುತ್ತದೆ. ಪುದೀನ ಚಟ್ನಿ ಕಲಸಿದರೆ ಬೋಂಡಾ, ಬಜ್ಜಿಗೆ ನಂಜಿಕೊಳ್ಳಬಹುದು. ಕೋಸಂಬರಿಯನ್ನು ಮಾತ್ರ ಅದರ ಪಾಡಿಗೆ ಬಿಡುವುದು ಒಳ್ಳೆಯದು. ಹೆಸರುಬೇಳೆ, ಸೌತೆಕಾಯಿಯ ಹಗುರ ರುಚಿ ಎಣ್ಣೆಯ ಭಾರಕ್ಕೆ ಸೋಲುತ್ತದೆ. ಮಜ್ಜಿಗೆ ಹುಳಿಗೆ ಹಾಕುವ ಸಾಹಸವೂ ಬೇಡ. ಕುದಿಗೆ ಬಂಧ ಬಿಟ್ಟು ಎಣ್ಣೆ ಮೇಲೆ ತೇಲುತ್ತದೆ.

ಫ್ರೀಜರಿನಲ್ಲಿಟ್ಟರೂ ಅದೇ ಗತಿ. ಮಂಜಿನ ಹರಳುಗಳು ಎಣ್ಣೆಹನಿಗಳ ಪೊರೆ ಹರಿಯುವುದರಿಂದ, ಕರಗಿದ ಮೇಲೆ ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ಮಾಡಿದ ದಿನವೇ ಒಡೆದುಹೋದ ಮಯೋನೀಸನ್ನು ಉಳಿಸಬಹುದು: ಬೇರೆ ಬಟ್ಟಲಿನಲ್ಲಿ ಒಂದು ಹೊಸ ಹಳದಿ ಇಟ್ಟು, ಒಡೆದದ್ದನ್ನು ಹನಿಹನಿಯಾಗಿ ಸುರಿಯುತ್ತ ಕಡೆಯಬೇಕು. ಹಾಲಿನದಾದರೆ ಹಳದಿಯ ಬದಲು ಒಂದೆರಡು ಚಮಚ ತಣ್ಣನೆಯ ಹಾಲು.

ಹುಳಿ ವಾಸನೆ ಬದಲಾದದ್ದು, ಮೇಲೆ ಬೂಷ್ಟು ಕಂಡದ್ದು, ಯಾವತ್ತು ಮಾಡಿದ್ದೆಂದು ನೆನಪಿಲ್ಲದ್ದು ಎಸೆಯತಕ್ಕದ್ದೇ. ವಾಸನೆ ಚೆನ್ನಾಗಿದೆಯೆಂದು ನಾಲ್ಕು ದಿನ ದಾಟಿದ್ದನ್ನು ನಂಬುವಂತಿಲ್ಲ, ಸಾಲ್ಮೊನೆಲ್ಲಾಕ್ಕೆ ವಾಸನೆಯಿಲ್ಲ. ಎಸೆಯುವಾಗ ಸಿಂಕಿಗೆ ಸುರಿದರೆ ಎಣ್ಣೆ ಪೈಪಿಗೆ ಮೆತ್ತಿಕೊಂಡು ನೀರು ಕಟ್ಟುತ್ತದೆ. ಡಬ್ಬಿಯಲ್ಲಿರುವುದನ್ನು ಹಳೆಯ ಪೇಪರಿನಿಂದ ಒರೆಸಿ ತೆಗೆದು ಹಸಿ ಕಸಕ್ಕೆ ಹಾಕಿ, ಆಮೇಲೆ ಡಬ್ಬಿಯನ್ನು ಬಿಸಿನೀರು ಸೋಪಿನಲ್ಲಿ ತೊಳೆಯಬೇಕು.